ಮೂರು ಮಿಲಿಮೀಟರ್, ಅರವತ್ತು ಲಕ್ಷ ವರ್ಷ

ಸೊಂಟ ಮುಟ್ಟುವ ಜಡೆಯೊಂದನ್ನು ಬಿಚ್ಚಿ, ಒಂದು ಕೂದಲಿನ ತುದಿಗೆ ಇನ್ನೊಂದನ್ನು ಗಂಟು ಹಾಕುತ್ತ ಹೋದರೆ ಎಷ್ಟು ಉದ್ದವಾದೀತು? ಮನುಷ್ಯರ ತಲೆಯಲ್ಲಿ ಸುಮಾರು 1 ಲಕ್ಷ ಕೂದಲು. ಒಂದೊಂದೂ ಮುಕ್ಕಾಲು ಮೀಟರ್ ಎಂದಿಟ್ಟುಕೊಂಡರೆ 75 ಕಿಲೋಮೀಟರ್. ಬೆಂಗಳೂರಿನಲ್ಲಿ ಗಂಟು ಹಾಕಲು ಶುರುಮಾಡಿದವರು ರಾಮನಗರ, ಚನ್ನಪಟ್ಟಣ ದಾಟಿ, ಮದ್ದೂರು ವಡೆಯ ವಾಸನೆ ಮೂಗಿಗೆ ಬಡಿಯುವಷ್ಟು ಹತ್ತಿರ ಬಂದಿರುತ್ತಾರೆ.

ಈಗ ಆ ಕೂದಲಿನ ಮೇಲೆ ಒಂದು ಹೇನನ್ನು ಬಿಡೋಣ. ಉದ್ದ ಎರಡರಿಂದ ಮೂರು ಮಿಲಿಮೀಟರ್, ಅಂದರೆ ಒಂದು ಎಳ್ಳಿನಷ್ಟು. ಅವಸರದಲ್ಲಿದ್ದರೆ ನಿಮಿಷಕ್ಕೆ 23 ಸೆಂಟಿಮೀಟರ್ ನಡೆಯಬಲ್ಲದು. ಅದರ ಅಳತೆಗೆ ಇದು ಕಡಿಮೆಯಲ್ಲ; ತನ್ನ ಮೈಯುದ್ದದ ಎಪ್ಪತ್ತೈದು ಪಟ್ಟು. ಐದೂಕಾಲು ಅಡಿ ಎತ್ತರದ ಮನುಷ್ಯ ಇದೇ ಲೆಕ್ಕದಲ್ಲಿ ನಡೆದರೆ ಗಂಟೆಗೆ ಏಳು ಕಿಲೋಮೀಟರ್ ದಾಟುತ್ತಾನೆ, ಅದೂ ದಟ್ಟ ಕಾಡಿನೊಳಗೆ. ಆದರೆ ಬೆಳೆದ ಹೇನಿನ ಆಯುಸ್ಸು ಹೆಚ್ಚೆಂದರೆ 30 ದಿನ. ಊಟ, ನಿದ್ದೆ ಬಿಟ್ಟು ಹಗಲೂ ರಾತ್ರಿ ನಡೆದರೂ ಆ 30 ದಿನದಲ್ಲಿ ಸಾಗುವುದು 10 ಕಿಲೋಮೀಟರ್. ಒಂದೇ ತಲೆಯ ಕೂದಲನ್ನು ಪೂರ್ತಿ ನಡೆದು ಮುಗಿಸಬೇಕಾದರೆ ಏಳು ಜನ್ಮ ಎತ್ತಿದರೂ ಸಾಲದು.

ನಮ್ಮ ಹಿಂದಿನವರು ಇಂಥ ಗುಣಾಕಾರ ಮಾಡಿದವರಲ್ಲ. ಆದರೆ ಹುಳುವನ್ನು ಹತ್ತಿರದಿಂದ ನೋಡಿದ್ದರು. ಮೊಟ್ಟೆಗೆ ಸೀರು ಎಂದರು. ತಲೆಯಲ್ಲಿ ಹರಿದಾಡುವುದಕ್ಕೆ ಹೇನು ಎಂದರು. ಬಟ್ಟೆಯ ಹೊಲಿಗೆಯಲ್ಲಿ ಅಡಗುವುದಕ್ಕೆ ಕೂರೆ ಎಂದರು. ಎಲ್ಲವನ್ನೂ ಎಳೆದು ಹಾಕುವ ಸಣ್ಣ ಹಲ್ಲಿನ ಬಾಚಣಿಗೆಗೆ ಸೀರಣಿಗೆ ಎಂದರು. ಈ ನಾಲ್ಕು ಪದಗಳಲ್ಲಿ ಒಂದೊಂದನ್ನೂ ಬಿಡಿಸಿದರೆ ಒಂದೊಂದು ಬೆರಗಿನ ಲೆಕ್ಕ ಸಿಗುತ್ತದೆ.

ಸೀರು

ತಮಿಳಿನಲ್ಲಿ ‘ಈರ್’, ತೆಲುಗಿನಲ್ಲಿ ‘ಈರು’, ನಮ್ಮಲ್ಲಿ ‘ಸೀರು’. ಸಂಸ್ಕೃತದವರು ‘ಲಿಕ್ಷಾ’ ಎಂದರು. ಅದೇ ಹಿಂದಿ, ಮರಾಠಿಗಳ ‘ಲೀಖ್’. ಈ ಲಿಕ್ಷಾ ಬರೀ ಹುಳುವಿನ ಮೊಟ್ಟೆಯಾಗಿ ಉಳಿಯದೆ ಅಳತೆಯ ಮಾನವೂ ಆಯಿತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಉದ್ದ ಅಳೆಯುವ ಪಟ್ಟಿ ಹೀಗಿದೆ: 8 ಪರಮಾಣು ಸೇರಿದರೆ ರಥದ ಗಾಲಿ ಎಬ್ಬಿಸುವ ಧೂಳಿನ ಒಂದು ಕಣ, ಅಂಥ 8 ಕಣ ಒಂದು ಲಿಕ್ಷಾ, 8 ಲಿಕ್ಷಾ ಒಂದು ಯೂಕ, ಅಂದರೆ ಹೇನು, 8 ಹೇನು ಒಂದು ಜವೆಕಾಳಿನ ನಡು, 8 ಜವೆ ಒಂದು ಅಂಗುಲ. ರಾಜ್ಯದ ಹೊಲ, ಕೋಟೆ, ರಸ್ತೆಗಳನ್ನೆಲ್ಲ ಅಳೆಯುವ ಮಾನದ ಬುಡದಲ್ಲಿ ಕೂತಿರುವುದು ತಲೆಯ ಹೇನು! ಒಂದು ಅಂಗುಲಕ್ಕೆ 64 ಹೇನು, 512 ಸೀರು, 32,768 ಪರಮಾಣು.

ಅಂಗುಲವೆಂದರೆ ಸುಮಾರು 1.9 ಸೆಂಟಿಮೀಟರ್ ಎಂದು ಹಿಡಿದರೆ ಕೌಟಿಲ್ಯನ ಹೇನು 0.3 ಮಿಲಿಮೀಟರ್ ಆಗುತ್ತದೆ. ನಿಜವಾದ ಹೇನು ಅದರ ಹತ್ತು ಪಟ್ಟು ಉದ್ದ. ಶಾಸ್ತ್ರ ಬರೆದವರು ತಲೆ ಕೆರೆದುಕೊಂಡಿರಬಹುದು, ಹೇನನ್ನು ಹಿಡಿದು ಅಂಗುಲದ ಪಕ್ಕ ಇಟ್ಟು ನೋಡಿದಂತಿಲ್ಲ. ನಿಜವಾದ ಸೀರು ಕೂಡ 0.8 ಮಿಲಿಮೀಟರ್ ಉದ್ದವಿದೆ, ಅವರು ಹೇಳಿದ್ದಕ್ಕಿಂತ ಇಪ್ಪತ್ತು ಪಟ್ಟು ದೊಡ್ಡದು.

ಆ ಸೀರಿಗೆ ಇನ್ನೊಂದು ಕೆಲಸವಿದೆ: ಅದು ಗಡಿಯಾರ. ತಾಯಿ ಹೇನು ಮೊಟ್ಟೆಯನ್ನು ನೆತ್ತಿಯ ಚರ್ಮಕ್ಕೆ ತಾಗುವಷ್ಟು ಕೆಳಗೆ, ಕೂದಲಿನ ಬುಡಕ್ಕೆ ಅಂಟಿಸುತ್ತದೆ. ಮರಿಯಾಗಲು ಮೈಯ ಬಿಸಿ ಬೇಕು. ಎಂಟು ಹತ್ತು ದಿನಕ್ಕೆ ಮರಿ ಹೊರಬಂದರೂ ಚಿಪ್ಪು ಅಂಟಿದಲ್ಲೇ ಉಳಿಯುತ್ತದೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತ ಚಿಪ್ಪನ್ನೂ ಮೇಲಕ್ಕೆ ಹೊತ್ತೊಯ್ಯುತ್ತದೆ. ಬುಡದಿಂದ 3 ಸೆಂಟಿಮೀಟರ್ ಮೇಲೆ ಬೆಳ್ಳಗೆ ಹೊಳೆಯುವ ಸೀರು ಕಂಡರೆ ಅದು ಮೂರು ತಿಂಗಳ ಹಿಂದೆ ಖಾಲಿಯಾದ ಮನೆ. ಭಯಪಡಬೇಕಾದ್ದು ಕಣ್ಣಿಗೆ ಎದ್ದು ಕಾಣುವ ಬಿಳಿ ಸೀರಿಗಲ್ಲ, ಬುಡದಲ್ಲಿ ಕಂದು ಬಣ್ಣಕ್ಕೆ ತಿರುಗಿ ಕೂದಲಿನೊಂದಿಗೆ ಕಲೆತುಹೋದ ಸೀರಿಗೆ.

ಆ ಅಂಟಿನ ಗಟ್ಟಿತನಕ್ಕೆ ಒಂದು ಸಾಕ್ಷಿ ಅರ್ಜೆಂಟೀನಾದ ಸಾನ್ ಹುವಾನ್ ಪ್ರಾಂತ್ಯದಲ್ಲಿ ಸಿಕ್ಕಿದೆ. ಅಲ್ಲಿನ 1,500ರಿಂದ 2,000 ವರ್ಷ ಹಳೆಯ ಒಣಗಿದ ಶವಗಳ ಕೂದಲಲ್ಲಿ ಸೀರು ಇನ್ನೂ ಅಂಟಿಕೊಂಡೇ ಇತ್ತು. ಮೊಟ್ಟೆ ಇಡುವಾಗ ಅಂಟಿನೊಳಗೆ ಸಿಕ್ಕಿಬಿದ್ದ ನೆತ್ತಿಯ ಜೀವಕೋಶಗಳಿಂದ ವಿಜ್ಞಾನಿಗಳು ಆ ಮನುಷ್ಯರ ಡಿಎನ್ಎ ತೆಗೆದರು. ಹಲ್ಲಿನಿಂದ ಸಿಗುವಷ್ಟೇ ಡಿಎನ್ಎ ಈ ಅಂಟಿನಿಂದಲೂ ಸಿಕ್ಕಿತು. ಆ ಜನರ ಹಿರಿಯರು ಅಮೆಜಾನ್ ಕಡೆಯಿಂದ ಬಂದವರೆಂದು ಅದು ತಿಳಿಸಿತು. ಬ್ರೆಜಿಲ್‌ನಲ್ಲಿ ಸಿಕ್ಕ ಇನ್ನೊಂದು ಸೀರಿನ ವಯಸ್ಸು ಸುಮಾರು 10,000 ವರ್ಷ. ಅದನ್ನು ಹೊತ್ತ ತಲೆ ಮಣ್ಣಾಯಿತು, ಸೀರು ಕೂದಲು ಬಿಡಲಿಲ್ಲ.

ಹೇನು

ಹಳೆಗನ್ನಡದಲ್ಲಿ ಇದು ಪೇನ್. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ, ಪೇನೂ ಹೇನಾಯಿತು. ತಮಿಳು, ಮಲಯಾಳ, ತೆಲುಗು, ತುಳು, ಕೊಡವ ಎಲ್ಲದರಲ್ಲೂ ‘ಪ’ ಹಾಗೇ ಉಳಿದಿದೆ. ಬೆರಗು ಇರುವುದು ಉತ್ತರದಲ್ಲಿ: ಜಾರ್ಖಂಡದ ಕಾಡುಗಳ ಕುಡುಖ್ ಭಾಷೆಯಲ್ಲೂ ರಾಜಮಹಲ್ ಬೆಟ್ಟದ ಮಾಲ್ತೊ ಭಾಷೆಯಲ್ಲೂ ಇದೇ ಪೇನ್ ಇದೆ. ದ್ರಾವಿಡ ಭಾಷೆಗಳ ಬುಡಕ್ಕೆ ಸುಮಾರು 4,500 ವರ್ಷವೆಂದು 2018ರ ಒಂದು ಅಧ್ಯಯನ ಅಂದಾಜಿಸಿತು. ಅಷ್ಟು ವರ್ಷ, ಸಾವಿರಾರು ಕಿಲೋಮೀಟರ್. ರಾಜರು, ದೇವರು, ಊಟ, ಉಡುಪು ಎಲ್ಲ ಬದಲಾದವು. ತಲೆಯಲ್ಲಿದ್ದದ್ದು ಬದಲಾಗಲಿಲ್ಲವಾದ್ದರಿಂದ ಅದರ ಹೆಸರೂ ಬದಲಾಗಲಿಲ್ಲ.

ಆದರೆ ಹೇನಿನ ಲೆಕ್ಕದಲ್ಲಿ 4,500 ವರ್ಷ ನಿನ್ನೆ ಮೊನ್ನೆಯ ಮಾತು. ಚಿಂಪಾಂಜಿಯ ಮೈಯಲ್ಲಿರುವ ಹೇನು ನಮ್ಮ ಹೇನಿನ ದಾಯಾದಿ. ಎರಡೂ ಬೇರೆಯಾದದ್ದು ಸುಮಾರು 60 ಲಕ್ಷ ವರ್ಷಗಳ ಹಿಂದೆ, ನಮ್ಮ ಪೂರ್ವಜರೂ ಚಿಂಪಾಂಜಿಯ ಪೂರ್ವಜರೂ ಬೇರೆಯಾದ ಹೊತ್ತಿಗೇ. ಮನೆ ಪಾಲಾದಾಗ ಹೇನೂ ಪಾಲಾಯಿತು. ಅಲ್ಲಿಂದ ಇಲ್ಲಿಯವರೆಗೆ ಇದು ಮನುಷ್ಯನನ್ನು ಬಿಟ್ಟು ಬೇರೆ ಪ್ರಾಣಿಯ ಮೇಲೆ ಬದುಕಿದ್ದಿಲ್ಲ. ನಾಯಿಯ ಹೇನು ನಮಗೆ ಹತ್ತದು, ನಮ್ಮದು ನಾಯಿಗೆ ಹತ್ತದು. ತಲೆಯಿಂದ ಕೆಳಗೆ ಬಿದ್ದರೆ ಒಂದೆರಡು ದಿನದಲ್ಲಿ ಸಾವು.

ಜಗತ್ತಿನಲ್ಲಿ ಹೇನಿನ ಜಾತಿಗಳೇ ಸುಮಾರು 5,000. ಹಕ್ಕಿಗಳಿಗೆ ಇವೆ, ದನಕ್ಕಿವೆ, ಇಲಿಗಿವೆ. ಬಾವಲಿಗೂ ತಿಮಿಂಗಿಲಕ್ಕೂ ಇಲ್ಲ. ಸಮುದ್ರದಲ್ಲಿ ಬದುಕುವ ಸೀಲ್ ಪ್ರಾಣಿಗೆ ಮಾತ್ರ ಇದೆ. ಅದರ ಹೇನು 2,000 ಮೀಟರ್ ಆಳದ ನೀರಿನ ಒತ್ತಡವನ್ನೂ ತಡೆದುಕೊಂಡು ಬದುಕಿದ್ದನ್ನು ಪ್ರಯೋಗದಲ್ಲಿ ಕಂಡಿದ್ದಾರೆ. ಆನೆಗೂ ಹೇನಿದೆ. ಆನೆಯ ಗಾತ್ರಕ್ಕೆ ತಕ್ಕ ಹೇನು ಎಷ್ಟು ದೊಡ್ಡದಿರಬೇಕು? ಮೂರು ಮಿಲಿಮೀಟರ್, ನಮ್ಮದರಷ್ಟೇ. ಒಂದೇ ವ್ಯತ್ಯಾಸ: ಆನೆಯ ದಪ್ಪ ತೊಗಲು ಕೊರೆಯಲು ಅದರ ಮೂತಿ ಉದ್ದಕ್ಕೆ ಚಾಚಿಕೊಂಡಿದೆ. ಸೊಂಡಿಲಿನ ಪ್ರಾಣಿಯ ಮೇಲೆ ಸೊಂಡಿಲಿನ ಹೇನು.

ಹೇನು ಹಾರದು, ನೆಗೆಯದು. ನೆಗೆಯುವುದು ಚಿಗಟ. ದನದ ಕೆಚ್ಚಲು ಕಚ್ಚುವ ಉಣ್ಣೆಗೆ ಎಂಟು ಕಾಲು, ಅದು ಜೇಡನ ಕಡೆಯ ನೆಂಟ. ಹೇನಿಗೆ ಆರೇ ಕಾಲು, ಒಂದೊಂದು ಕಾಲಿನ ತುದಿಗೂ ಕೂದಲಿನ ದಪ್ಪಕ್ಕೆ ಹೊಂದುವ ಒಂದು ಕೊಕ್ಕೆ. ಒಂದು ತಲೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ತಲೆಗೆ ತಲೆ ತಾಗಬೇಕು. ಕೂದಲು ಕೊಳಕಾಗಿದೆಯೋ ಶುಚಿಯಾಗಿದೆಯೋ ಅದಕ್ಕೆ ಬೇಕಿಲ್ಲ. ಯಾವುದಕ್ಕೂ ಜಗ್ಗದವನನ್ನು ಕಂಡರೆ ಹಿಂದಿಯವರು ಅವನ ಕಿವಿಯ ಮೇಲೆ ಹೇನೂ ಹರಿಯಲಿಲ್ಲ ಎನ್ನುತ್ತಾರೆ. ನಿಮಿಷಕ್ಕೆ 23 ಸೆಂಟಿಮೀಟರಿನಂತೆ ಕಿವಿ ದಾಟಲು ಅದಕ್ಕೆ ಬೇಕಾದದ್ದು 16 ಸೆಕೆಂಡು. ಅಷ್ಟು ಹೊತ್ತೂ ತಿಳಿಯದೆ ಇದ್ದವನು ನಿಜವಾಗಿಯೂ ಜಡಭರತನೇ.

ರಕ್ತ ಹೀರಿ ಹೀರಿ ಮಗು ಸೊರಗಿತು ಎಂದು ತಾಯಂದಿರು ಮರುಗುವುದುಂಟು. 2006ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಹೇನನ್ನು ಊಟಕ್ಕೆ ಮುಂಚೆ, ಊಟದ ನಂತರ ತೂಗಿ ನೋಡಿದರು. 30 ಹೇನಿರುವ ಮಗು ದಿನಕ್ಕೆ ಕಳೆದುಕೊಳ್ಳುವ ರಕ್ತ 0.008 ಮಿಲಿಲೀಟರ್. ಒಂದು ಹನಿ ಹೋಗಲು ಆರು ದಿನ ಬೇಕು. ಇಡೀ ವರ್ಷಕ್ಕೆ ಮೂರು ಮಿಲಿಲೀಟರ್, ಚಹಾ ಚಮಚದಲ್ಲಿ ಮುಕ್ಕಾಲೂ ತುಂಬದು. ಅವರು ಕಂಡ ಅತಿ ದೊಡ್ಡ ಸಂಸಾರ ಒಂದೇ ತಲೆಯಲ್ಲಿ 2,657 ಹೇನು. ಅಲ್ಲಿ ಮಾತ್ರ ತಿಂಗಳಿಗೆ 20 ಮಿಲಿಲೀಟರ್ ದಾಟಿತ್ತು.

ಬರೀ ರಕ್ತ ಕುಡಿದು ಬದುಕುವುದೂ ಸುಲಭವಲ್ಲ. ರಕ್ತದಲ್ಲಿ ಬಿ ಗುಂಪಿನ ಜೀವಸತ್ವಗಳು ಸಾಲವು. ಅದಕ್ಕೆ ಹೇನು ತನ್ನ ಹೊಟ್ಟೆಯೊಳಗೆ ರೀಸಿಯಾ ಎಂಬ ಬ್ಯಾಕ್ಟೀರಿಯಾವನ್ನು ಸಾಕಿಕೊಂಡಿದೆ. ಅದು ಅಡುಗೆ ಮಾಡಿ ಬಡಿಸುತ್ತದೆ, ಇದು ಮನೆ ಕೊಟ್ಟಿದೆ. ತಾಯಿ ಮೊಟ್ಟೆಯೊಳಕ್ಕೇ ಆ ಬ್ಯಾಕ್ಟೀರಿಯಾವನ್ನು ಇಟ್ಟು ಕಳಿಸುತ್ತದೆ, ಗಂಡನ ಮನೆಗೆ ಹೊರಟ ಮಗಳಿಗೆ ಹೆಪ್ಪಿನ ಮೊಸರು ಕಟ್ಟಿಕೊಟ್ಟಂತೆ.

ಕೂರೆ

1758ರಲ್ಲಿ ಸ್ವೀಡನ್ನಿನ ಲಿನೇಯಸ್ ಪ್ರಾಣಿಗಳಿಗೆಲ್ಲ ಹೆಸರಿಡುವಾಗ ತಲೆಯ ಹೇನಿಗೂ ಬಟ್ಟೆಯ ಹೇನಿಗೂ ಸೇರಿಸಿ ಒಂದೇ ಹೆಸರಿಟ್ಟ. ಇಂದಿಗೂ ವಿಜ್ಞಾನ ಅವೆರಡನ್ನೂ ಒಂದೇ ಜಾತಿಯ ಎರಡು ಬಗೆ ಎನ್ನುತ್ತದೆ. ಕನ್ನಡದವರು ಮೊದಲೇ ಬೇರೆ ಹೆಸರು ಕೊಟ್ಟಿದ್ದರು. ತಲೆಯದು ಹೇನು, ಬಟ್ಟೆಯದು ಕೂರೆ. ಕೂರೆ ತಲೆಗೆ ಹತ್ತುವುದಿಲ್ಲ. ಹೊಲಿಗೆಯ ಸಂದಿಯಲ್ಲಿ ಮೊಟ್ಟೆಯಿಟ್ಟು ಅಲ್ಲೇ ವಾಸ. ಊಟದ ಹೊತ್ತಿಗೆ ಮಾತ್ರ ಮೈಗೆ ಬಂದು ಹೋಗುತ್ತದೆ.

ಈ ಎರಡು ಪದಗಳ ನಡುವಿನ ಗೆರೆಯಲ್ಲಿ ಮನುಷ್ಯನ ಚರಿತ್ರೆಯ ಒಂದು ದೊಡ್ಡ ತಾರೀಖು ಅಡಗಿದೆ. ಬಟ್ಟೆಯಿಲ್ಲದೆ ಕೂರೆಯಿಲ್ಲ. ಹಾಗಾದರೆ ಕೂರೆ ಹೇನಿನಿಂದ ಕವಲೊಡೆದ ಕಾಲವೇ ಮನುಷ್ಯ ಬಟ್ಟೆ ತೊಡತೊಡಗಿದ ಕಾಲ. ಚರ್ಮ, ನಾರು, ನೂಲು ಮಣ್ಣಿನಲ್ಲಿ ಉಳಿಯುವುದಿಲ್ಲವಾದ್ದರಿಂದ ಉತ್ಖನನದಲ್ಲಿ ಇದಕ್ಕೆ ಉತ್ತರ ಸಿಗದು. ಹೇನಿನ ಡಿಎನ್ಎ ಉತ್ತರ ಕೊಟ್ಟಿತು: 2003ರ ಮೊದಲ ಲೆಕ್ಕದಲ್ಲಿ ಸುಮಾರು 72,000 ವರ್ಷ, 2011ರ ಲೆಕ್ಕದಲ್ಲಿ ಕಡಿಮೆಯೆಂದರೆ 83,000, ಬಹುಶಃ 1,70,000 ವರ್ಷಗಳಷ್ಟು ಹಿಂದೆ. ಉಡುಪಿನ ಮೊದಲ ಚರಿತ್ರಕಾರ ಹೊಲಿಗೆಯಲ್ಲಿ ಅಡಗಿದ್ದ ಕೂರೆ.

ತಲೆಯ ಹೇನು ಕೆರೆತ ತರುತ್ತದೆ, ಅಷ್ಟೇ. ಕೂರೆ ಸಾವು ತಂದಿತು. ಟೈಫಸ್ ಎಂಬ ಜ್ವರ ಹರಡುವುದು ಇದರ ಹಿಕ್ಕೆಯಿಂದ. 1909ರಲ್ಲಿ ಟ್ಯೂನಿಸ್‌ನಲ್ಲಿದ್ದ ಶಾರ್ಲ್ ನಿಕೋಲ್ ಎಂಬ ಫ್ರೆಂಚ್ ವೈದ್ಯ ಒಂದು ಸೂಕ್ಷ್ಮ ಕಂಡ: ಆಸ್ಪತ್ರೆಯ ಬಾಗಿಲವರೆಗೂ ರೋಗಿಯಿಂದ ಸುತ್ತಲಿನವರಿಗೆ ಜ್ವರ ಹರಡುತ್ತದೆ, ಅವನಿಗೆ ಸ್ನಾನ ಮಾಡಿಸಿ, ಬಟ್ಟೆ ಕಳಚಿ, ವಾರ್ಡಿನೊಳಗೆ ಮಲಗಿಸಿದ ಮೇಲೆ ಯಾರಿಗೂ ಹರಡುವುದಿಲ್ಲ. ತಪ್ಪು ಬಟ್ಟೆಯಲ್ಲಿತ್ತು. ಇದಕ್ಕೆ 1928ರ ನೊಬೆಲ್ ಬಂತು. ರೋಗಾಣುವಿನ ಹೆಸರು ರಿಕೆಟ್ಸಿಯಾ ಪ್ರೊವಾಜೆಕಿ, ಇಬ್ಬರು ವಿಜ್ಞಾನಿಗಳ ನೆನಪಿಗೆ. ರಿಕೆಟ್ಸ್ 1910ರಲ್ಲಿ, ಪ್ರೊವಾಜೆಕ್ 1915ರಲ್ಲಿ, ಇಬ್ಬರೂ ಅದೇ ಟೈಫಸ್ ಅಭ್ಯಾಸ ಮಾಡುತ್ತ ಅದೇ ಟೈಫಸ್‌ಗೆ ಬಲಿಯಾದರು. ಈ ರೋಗಾಣುವಿನ ಅಡ್ಡಗಲ ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಪಾಲಿನ ಆಸುಪಾಸು. ಕೌಟಿಲ್ಯನ ಅಂಗುಲವನ್ನು 32,768 ಪಾಲು ಮಾಡಿದರೆ ಅವನ ‘ಪರಮಾಣು’ವೂ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಕಾಕತಾಳೀಯವೇ ಸರಿ. ಆದರೂ ಹೇನಿಗಿಂತ ಕೆಳಗಿನ ಮೆಟ್ಟಿಲುಗಳನ್ನು ಎಣಿಸುತ್ತ ಹೋದವರು ಹೇನಿನ ಹೊಟ್ಟೆಯೊಳಗಿನ ಸಾವಿನ ಗಾತ್ರದ ಹತ್ತಿರ ಬಂದು ನಿಂತಿದ್ದರು.

ಎಷ್ಟು ಸಾವು? 1812ರಲ್ಲಿ ನೆಪೋಲಿಯನ್ ಸುಮಾರು 6 ಲಕ್ಷ ಜನರ ಸೈನ್ಯ ಕಟ್ಟಿಕೊಂಡು ರಷ್ಯಾಕ್ಕೆ ಹೋದ. ಹಿಂದಿರುಗಿದವರು ಅದರಲ್ಲಿ ಒಂದು ಸಣ್ಣ ಪಾಲು. ಚಳಿ, ಹಸಿವು, ಶತ್ರುಗಳ ಜೊತೆಗೆ ಕೂರೆಯೂ ಇತ್ತು. ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ 2001ರಲ್ಲಿ ಆ ಸೈನಿಕರ ಸಾಮೂಹಿಕ ಗೋರಿ ಸಿಕ್ಕಾಗ ಮಣ್ಣಿನಲ್ಲಿ ಕೂರೆಯ ತುಣುಕುಗಳೂ ಸಿಕ್ಕವು. 35 ಸೈನಿಕರ ಹಲ್ಲು ಪರೀಕ್ಷಿಸಿದರೆ 10 ಮಂದಿಯಲ್ಲಿ ಕೂರೆ ಹರಡುವ ರೋಗಗಳ ಗುರುತು ಇತ್ತು. ಮೊದಲ ಮಹಾಯುದ್ಧದ ನಂತರ, 1918ರಿಂದ 1922ರವರೆಗೆ ರಷ್ಯಾದಲ್ಲಿ ಟೈಫಸ್ ಹತ್ತಿದವರು ಎರಡೂವರೆ ಕೋಟಿಗೂ ಹೆಚ್ಚು, ಸತ್ತವರು ಸುಮಾರು 30 ಲಕ್ಷ ಎಂಬ ಅಂದಾಜಿದೆ. ಹೇನಾದರೂ ಸಮಾಜವಾದವನ್ನು ಸೋಲಿಸುತ್ತದೆ, ಇಲ್ಲವೇ ಸಮಾಜವಾದ ಹೇನನ್ನು ಸೋಲಿಸುತ್ತದೆ ಎಂದು ಲೆನಿನ್ 1919ರಲ್ಲಿ ಭಾಷಣ ಮಾಡಬೇಕಾಯಿತು. ಮೂರು ಮಿಲಿಮೀಟರಿನ ಹುಳು ಸರ್ಕಾರದ ಎದುರಾಳಿಯಾಗಿ ಕೂತಿತ್ತು.

ಅದನ್ನು ಸೋಲಿಸಲು ಜನ ಅದಕ್ಕೇ ಊಟ ಹಾಕಿದರು. ಆಗ ಪೋಲೆಂಡಿನದಾಗಿದ್ದ ಲ್ವೂಫ್ ನಗರದಲ್ಲಿ ರುಡೋಲ್ಫ್ ವೈಗಲ್ ಟೈಫಸ್‌ಗೆ ಲಸಿಕೆ ಕಂಡುಹಿಡಿದ. ಅವನು ರೋಗಾಣುವನ್ನು ಬೆಳೆಸಿದ್ದು ಜೀವಂತ ಕೂರೆಯ ಕರುಳಲ್ಲಾದ್ದರಿಂದ ಕೂರೆಗಳನ್ನೇ ಸಾಕಬೇಕಾಯಿತು. ಚಿಕ್ಕದೊಂದು ಪೆಟ್ಟಿಗೆ, ಒಂದು ಬದಿಗೆ ಜರಡಿಯಂಥ ಬಲೆ, ಒಳಗೆ 400ರಿಂದ 800 ಕೂರೆ. ಅಂಥ ಹಲವು ಪೆಟ್ಟಿಗೆಗಳನ್ನು ಕಾಲಿಗೆ ಕಟ್ಟಿಕೊಂಡು ಜನ ದಿನಾ ಮುಕ್ಕಾಲು ಗಂಟೆ ಕೂರುತ್ತಿದ್ದರು. ನಾಜಿಗಳ ಆಕ್ರಮಣದ ಕಾಲದಲ್ಲಿ ಆ ಕೆಲಸದ ಚೀಟಿ ಇದ್ದವರಿಗೆ ಜೀವ ಉಳಿಯುವ ಭರವಸೆ ಇತ್ತು. ಹಾಗೆ ಕಾಲೊಡ್ಡಿ ಕೂತವರಲ್ಲಿ ಇಪ್ಪತ್ತನೆಯ ಶತಮಾನದ ಮಹಾ ಗಣಿತಜ್ಞ ಸ್ಟೆಫಾನ್ ಬಾನಾಕ್ ಕೂಡ ಒಬ್ಬ. ಅನಂತದ ಲೆಕ್ಕ ಮಾಡಿದ ತಲೆ, ಸಾವಿರಾರು ಕೂರೆಗೆ ಊಟವಾದ ಕಾಲು.

ಕೂರೆಗೆ ಹೆದರಿ ಸೀರೆ ಬಿಸಾಡಿದ ಹಾಗೆ ಎಂದು ನಮ್ಮಲ್ಲಿ ಗೇಲಿ ಮಾಡುವುದುಂಟು. ಆದರೆ ಕೂರೆಯ ಮಟ್ಟಿಗೆ ಅದೇ ಮದ್ದು. ಉಡುವವರಿಲ್ಲದೆ ಒಂದು ವಾರ ಬಿದ್ದ ಬಟ್ಟೆಯಲ್ಲಿ ಕೂರೆ ಉಳಿಯದು. 54 ಡಿಗ್ರಿಗಿಂತ ಬಿಸಿಯ ನೀರಿನಲ್ಲಿ ಒಗೆದರೂ ಸಾಯುತ್ತದೆ. ಎರಡನೆಯ ಜೊತೆ ಬಟ್ಟೆ, ಸೋಪು, ವಾರಕ್ಕೊಮ್ಮೆ ಒಗೆತ: ಕೂರೆ ಸೋತದ್ದು ಇವಕ್ಕೆ. ಇಂದು ಕಾಲೇಜಿನ ಹುಡುಗರನ್ನು ಕೂರೆ ಎಂದರೇನು ಎಂದು ಕೇಳಿ ನೋಡಿ. ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಕನ್ನಡದ ಪದಗಳು ಸಾಯುತ್ತಿವೆ ಎಂದು ನಾವು ಮರುಗುತ್ತೇವೆ. ಈ ಒಂದು ಪದ ಮರೆತುಹೋದದ್ದಕ್ಕೆ ಮಾತ್ರ ಸಿಹಿ ಹಂಚಬಹುದು.

ಸೀರಣಿಗೆ

ಇಸ್ರೇಲಿನ ಲಾಖೀಶ್ ಎಂಬ ಹಳೆಯ ಊರಿನ ಅಗೆತದಲ್ಲಿ ದಂತದ ಒಂದು ಬಾಚಣಿಗೆ ಸಿಕ್ಕಿತು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ಮೂರೂವರೆ ಸೆಂಟಿಮೀಟರ್ ಉದ್ದ. ಒಂದು ಬದಿಗೆ ಸಿಕ್ಕು ಬಿಡಿಸಲು 6 ದಪ್ಪ ಹಲ್ಲು, ಇನ್ನೊಂದು ಬದಿಗೆ ಹೇನು ತೆಗೆಯಲು 14 ಸಣ್ಣ ಹಲ್ಲು. ನಮ್ಮ ಸಂತೆಯಲ್ಲಿ ಸಿಗುವ ಎರಡು ಬದಿಯ ಬಾಚಣಿಗೆಯ ಮುತ್ತಜ್ಜಿಯಂತಿದೆ. ಅದರ ಮೇಲೆ ಗೀಚಿದ್ದ ಅಕ್ಷರಗಳು ಕಣ್ಣಿಗೆ ಬಿದ್ದದ್ದು ವರ್ಷಗಳ ನಂತರ. ಓದಿ ಪ್ರಕಟಿಸಿದ್ದು 2022ರಲ್ಲಿ. 17 ಅಕ್ಷರ, 7 ಪದ. ಈ ದಂತ ತಲೆ ಮತ್ತು ಗಡ್ಡದ ಹೇನನ್ನು ಬುಡಸಮೇತ ತೆಗೆಯಲಿ ಎಂಬ ಹಾರೈಕೆ. ವಯಸ್ಸು ಸುಮಾರು 3,700 ವರ್ಷ. ಇಂದಿನ ರೋಮನ್ ಅಕ್ಷರಗಳ ಮೂಲವಾದ ಕಾನಾನ್ ವರ್ಣಮಾಲೆಯಲ್ಲಿ ಸಿಕ್ಕಿರುವ ಅತ್ಯಂತ ಹಳೆಯ ಪೂರ್ಣ ವಾಕ್ಯ ಇದೇ. ದೇವರಿಗೂ ರಾಜನಿಗೂ ಮೊದಲು ಹೇನು. ಒಂದು ಹಲ್ಲಿನಲ್ಲಿ ಹೇನುಮರಿಯ ಒಣಗಿದ ಪೊರೆಯೂ ಸಿಕ್ಕಿತು: ಹಾರೈಕೆ ಫಲಿಸಿತ್ತು.

3,700 ವರ್ಷಗಳಲ್ಲಿ ಇದಕ್ಕಿಂತ ಒಳ್ಳೆಯದೇನಾದರೂ ಬಂತೆ? 1943-44ರಲ್ಲಿ ಇಟಲಿಯ ನೇಪಲ್ಸ್‌ನಲ್ಲಿ ಟೈಫಸ್ ಎದ್ದಾಗ 10 ಲಕ್ಷಕ್ಕೂ ಹೆಚ್ಚು ಜನರಿಗೆ ಡಿಡಿಟಿ ಪುಡಿ ಎರಚಿ ಅದನ್ನು ನಿಲ್ಲಿಸಿದರು. ಡಿಡಿಟಿಯ ಗುಣ ಕಂಡುಹಿಡಿದ ಪೌಲ್ ಮ್ಯುಲರ್‌ಗೆ 1948ರಲ್ಲಿ ನೊಬೆಲ್ ಬಂತು. ಹೇನು ಕಲಿತುಕೊಂಡಿತು. ಆಮೇಲೆ ಪರ್ಮೆಥ್ರಿನ್ ಬಂತು; ಅದನ್ನೂ ಕಲಿಯಿತು. 2016ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಪರೀಕ್ಷಿಸಿದ 48 ರಾಜ್ಯಗಳ ಪೈಕಿ 42ರಲ್ಲಿ ಸಿಕ್ಕ ಹೇನುಗಳೆಲ್ಲದರಲ್ಲೂ ಆ ಮದ್ದನ್ನು ತಡೆಯುವ ಜೀನ್ ಇತ್ತು. ನಮ್ಮ ಮನೆಮದ್ದುಗಳಲ್ಲೂ ಎಲ್ಲವೂ ನಿರಪಾಯವಲ್ಲ. ಸೀತಾಫಲದ ಬೀಜದ ಪುಡಿ ಕಣ್ಣಿಗೆ ಬಿದ್ದರೆ ಗಾಯ ಮಾಡುತ್ತದೆ. ಸೀಮೆಎಣ್ಣೆ ಸವರಿದ ತಲೆ ಒಲೆಯ ಹತ್ತಿರ ಹೋದರೆ ಹೇನಿಗಿಂತ ದೊಡ್ಡ ಆಪತ್ತು. ಸೀರಣಿಗೆಯ ಹಲ್ಲಿಗೆ ಮಾತ್ರ ಯಾವ ಹೇನೂ ಇನ್ನೂ ಪ್ರತಿರೋಧ ಕಲಿತಿಲ್ಲ.

ಅದು ಮಾಡುವ ಕೆಲಸದ ಗಾತ್ರ ನೋಡಿ. ಹೆಣ್ಣು ಹೇನು ದಿನಕ್ಕೆ ಆರೆಂಟು ಮೊಟ್ಟೆ ಇಡುತ್ತದೆ. ಜೀವಮಾನಕ್ಕೆ 100 ಎನ್ನೋಣ. ಅದರಲ್ಲಿ 50 ಹೆಣ್ಣು. ಅವು ಒಂದೊಂದು 100 ಇಟ್ಟರೆ 5,000. ಅದರಲ್ಲಿ ಅರ್ಧ ಹೆಣ್ಣು, ಅವೂ ಇಟ್ಟರೆ 2,50,000. ಮೂರು ತಲೆಮಾರು, ಮೂರು ತಿಂಗಳು. ಪ್ರತಿ ಕೂದಲಿಗೆ ಎರಡೂವರೆ ಹೇನು! ಮೊದಲ ಸಲ ಹೇನಾದಾಗ ಕೆರೆತ ಶುರುವಾಗುವುದಕ್ಕೇ ನಾಲ್ಕರಿಂದ ಆರು ವಾರ ಬೇಕು. ಅಷ್ಟರಲ್ಲಿ ಎರಡನೆಯ ತಲೆಮಾರು ಹರಿದಾಡುತ್ತಿರುತ್ತದೆ. ಆದರೂ ಸಾಮಾನ್ಯವಾಗಿ ಒಂದು ತಲೆಯಲ್ಲಿ ಸಿಗುವ ಜೀವಂತ ಹೇನು ಹತ್ತು ಹನ್ನೆರಡನ್ನು ದಾಟದು. ಲೆಕ್ಕದ ಎರಡೂವರೆ ಲಕ್ಷಕ್ಕೂ ತಲೆಯ ಮೇಲಿನ ಹತ್ತಕ್ಕೂ ನಡುವಿನ ಅಂತರವನ್ನು ಕಾಯ್ದುಕೊಂಡು ಬಂದದ್ದು ಹೆಚ್ಚಾಗಿ ಬೆರಳು, ಉಗುರು ಮತ್ತು ಬಾಚಣಿಗೆ.

ಮಧ್ಯಾಹ್ನದ ಊಟವಾಗಿ, ಪಾತ್ರೆ ತೊಳೆದಾಗಿ, ಜಗಲಿಯ ಮೆಟ್ಟಿಲುಗಳ ಮೇಲೆ ಒಬ್ಬರ ಹಿಂದೆ ಒಬ್ಬರು ಕೂತು ಹೇನು ನೋಡುವ ಸಾಲನ್ನು ನೆನೆಯಿರಿ. ಮೇಲಿನ ಮೆಟ್ಟಿಲಿನಲ್ಲಿ ಅಜ್ಜಿ, ಕೆಳಗೆ ಸೊಸೆ, ಅದರ ಕೆಳಗೆ ಮೊಮ್ಮಗಳು. ಬೈತಲೆ ಸೀಳುತ್ತ, ಊರಿನ ಸುದ್ದಿ ಹೇಳುತ್ತ, ಎಡ ಹೆಬ್ಬೆರಳ ಉಗುರಿನ ಮೇಲೆ ಬಲ ಹೆಬ್ಬೆರಳ ಉಗುರು ಒತ್ತಿ ಟಿಕ್ ಎನಿಸಿ, ಬಾಯಲ್ಲಿ ‘ಸ್ಸ್’ ಎಂದು ಅಜ್ಜಿ ಎಣಿಸುತ್ತಾಳೆ. ಮೊಮ್ಮಗಳ ತಲೆ ಬಿಡುವ ಹೊತ್ತಿಗೆ, ‘ಇವತ್ತು ಎಂಟು ಸಿಕ್ಕವು ಕಣೇ’ ಎನ್ನುತ್ತಾಳೆ.

ಎಂಟೂ ಹೆಣ್ಣಾಗಿದ್ದರೆ, ಮೂರು ತಿಂಗಳ ಲೆಕ್ಕದಲ್ಲಿ ಅದು 20 ಲಕ್ಷ.